ಶಿಷ್ಯರಲ್ಲಿ ಉಳಿದ ಗುರು: ಟಿ.ಎಸ್. ವೆಂಕಣ್ಣಯ್ಯ

ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯ ನಮ್ಮಲ್ಲಿ ಅನೇಕರ ಮನೆಯ ಪುಸ್ತಕದ ಕಪಾಟಿನಲ್ಲಿದೆ. ಮುಂಬಯಿಯ ಕನ್ನಡ ಸಂಘ ಸಂಸ್ಥೆಗಳ ವಾಚನಾಲಯಗಳಲ್ಲೂ ಅದಕ್ಕೊಂದು ಗೌರವದ ಸ್ಥಾನವಿದೆ. ಆದರೆ ಅದನ್ನು ಕೈಗೆತ್ತಿಕೊಂಡವರಲ್ಲಿ ಹೆಚ್ಚಿನವರು ಅಯೋಧ್ಯೆಯ ವರ್ಣನೆಯನ್ನೋ, ಊರ್ಮಿಳೆಯ ತಪಸ್ಸನ್ನೋ ಅರಸಿಕೊಂಡು ಪುಟ ಮಗುಚುತ್ತಾರೆ. ಕಾವ್ಯಾರಂಭಕ್ಕೂ ಮುಂಚೆ ಒಂದು ಅರ್ಪಣೆಯ ಕವಿತೆ ಇರುವುದನ್ನು ನಿಂತು ಓದುವವರು ಕಡಿಮೆ. ಕಾಲೇಜಿನಲ್ಲಿ ತಮಗೆ ಕನ್ನಡ ಕಲಿಸಿದ ಅಧ್ಯಾಪಕರೊಬ್ಬರಿಗೆ ಕವಿಯು ತಮ್ಮ ಜೀವಮಾನದ ಮಹಾಕೃತಿಯನ್ನು ಅಲ್ಲಿ ಒಪ್ಪಿಸಿದ್ದಾರೆ. ಆ ಅಧ್ಯಾಪಕರೇ ಕೀರ್ತಿಶೇಷ ಟಿ.ಎಸ್. ವೆಂಕಣ್ಣಯ್ಯನವರು. ಕಾವ್ಯ ಪ್ರಕಟವಾದ 1949ರ ಹೊತ್ತಿಗೆ ಅವರು ತೀರಿಕೊಂಡು ಹತ್ತು ವರ್ಷಗಳಾಗಿದ್ದವು.

ಈ ಹೆಸರು ಇಂದಿನ ತರುಣ ಪೀಳಿಗೆಗೆ ಅಪರಿಚಿತ. ಅದರಲ್ಲಿ ಅಚ್ಚರಿಯೇನೂ ಇಲ್ಲ. ವೆಂಕಣ್ಣಯ್ಯನವರು ಬರೆದದ್ದು ಕಡಿಮೆ. ಬರೆದುದರಲ್ಲಿಯೂ ಬಹುಪಾಲು ವಿದ್ವಾಂಸರ ಉಪಯೋಗಕ್ಕೆ ಬರುವಂಥದು. ಆದರೆ ಹೊಸಗನ್ನಡ ಸಾಹಿತ್ಯವನ್ನು ಕಟ್ಟಿದ ಮಹನೀಯರ ಜೀವನವನ್ನು ಓದುತ್ತ ಹೋದಂತೆ, ಅವರಲ್ಲಿ ಅನೇಕರ ತಾರುಣ್ಯದ ಬಾಗಿಲಲ್ಲಿ ಈ ಎತ್ತರದ ಆಳು ನಿಂತಿರುವುದು ಕಾಣುತ್ತದೆ. ಎತ್ತರದ ಆಳು ಎಂದುದು ಬರಿಯ ಅಲಂಕಾರಕ್ಕಲ್ಲ. ಅವರ ಮೈಯೆತ್ತರವೇ ಆರಡಿಗೂ ಮೀರಿತ್ತು.

ವೆಂಕಣ್ಣಯ್ಯನವರು ಹುಟ್ಟಿದ್ದು 1885ರ ಅಕ್ಟೋಬರ್ 1ರಂದು, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ತಳುಕು ಗ್ರಾಮದಲ್ಲಿ. ಮಳೆ ಕಡಿಮೆಯ, ಬಿಸಿಲು ಹೆಚ್ಚಿನ ಬಯಲುಸೀಮೆಯ ಊರು. ತಂದೆ ಸುಬ್ಬಣ್ಣನವರು. ಮನೆತನದಲ್ಲಿ ಅಕ್ಷರದ ನಂಟು ಗಟ್ಟಿಯಾದುದು. ‘ಶಿವಶರಣ ಕಥಾರತ್ನಕೋಶ’ವನ್ನು ಕೊಟ್ಟ ವಿದ್ವಾಂಸ ತ.ಸು. ಶಾಮರಾಯರು ಇವರ ತಮ್ಮ. ‘ದುರ್ಗಾಸ್ತಮಾನ’ ಬರೆದ ಕಾದಂಬರಿಕಾರ ತ.ರಾ.ಸು. ಅವರಿಗೆ ಇವರು ದೊಡ್ಡಪ್ಪ. ತ.ಸು., ತ.ರಾ.ಸು. ಎಂಬಲ್ಲಿನ ‘ತ’ ಈ ತಳುಕೇ ಎಂಬುದು ನಮ್ಮ ಕಿರಿಯರಿಗೆ ತಿಳಿದಿರಲಿ. ಓದು, ಪದವಿ, ಮದರಾಸಿನ ಎಂ.ಎ. ಇವೆಲ್ಲ ಆ ಕಾಲದ ಜಾಣ ಹುಡುಗರ ಬದುಕಿನಂತೆಯೇ ನಡೆದುವು. ಬಳಿಕ ಅಧ್ಯಾಪಕ ವೃತ್ತಿ ಹಿಡಿದು ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದರು.

ಇಲ್ಲಿ ಒಂದು ಮಾತನ್ನು ನೆನಪಿಗೆ ತಂದುಕೊಳ್ಳದಿದ್ದರೆ ಮುಂದಿನದು ಅರ್ಥವಾಗದು. ಆ ದಿನಗಳಲ್ಲಿ ಕಾಲೇಜುಗಳಲ್ಲಿ ಕನ್ನಡದ ಸ್ಥಾನ ಬಹಳ ಕೆಳಗಿನದು. ಇಂಗ್ಲಿಷ್, ಗಣಿತ, ವಿಜ್ಞಾನಗಳನ್ನು ಕಲಿಸುವವರು ಪ್ರೊಫೆಸರುಗಳು. ಕನ್ನಡ ಕಲಿಸುವವರು ಪಂಡಿತರು. ಸಂಬಳವೂ ಕಡಿಮೆ, ಮನ್ನಣೆಯೂ ಕಡಿಮೆ. ಹುಡುಗರು ಕನ್ನಡದ ತರಗತಿಯನ್ನು ವಿರಾಮದ ಹೊತ್ತೆಂದು ಬಗೆಯುವುದು ಸಾಮಾನ್ಯವಾಗಿತ್ತು. ಕನ್ನಡದಲ್ಲಿ ಬರೆಯುವುದೆಂದರೆ ಓದು ಬಾರದವನ ಕೆಲಸ ಎಂಬ ಭಾವನೆ ಸುಶಿಕ್ಷಿತರಲ್ಲಿ ಬೇರೂರಿತ್ತು. ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡಕ್ಕೆ ಹೋಗಿ, ಕನ್ನಡ ಮಾತು ತಲೆಯೆತ್ತುವ ಬಗೆ ಹೇಗೆಂದು ಭಾಷಣ ಮಾಡಬೇಕಾಗಿ ಬಂದುದು ಈ ಸ್ಥಿತಿಯಿಂದಲೇ. ಇಂದು ಮುಂಬಯಿಯ ಇಂಗ್ಲಿಷ್ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳು ಕನ್ನಡದ ಬಗೆಗೆ ತೋರುವ ಸಂಕೋಚವನ್ನು ಕಂಡು ನಾವು ನೊಂದುಕೊಳ್ಳುತ್ತೇವೆ. ನೂರು ವರ್ಷಗಳ ಹಿಂದೆ ಬೆಂಗಳೂರು, ಮೈಸೂರುಗಳ ನಟ್ಟನಡುವೆಯೇ ಆ ಸಂಕೋಚ ಇದ್ದಿತು.

ಸೆಂಟ್ರಲ್ ಕಾಲೇಜಿನಲ್ಲಿ ವೆಂಕಣ್ಣಯ್ಯನವರಿಗೆ ದೊರೆತ ದೊಡ್ಡ ಭಾಗ್ಯವೆಂದರೆ ಎ.ಆರ್. ಕೃಷ್ಣಶಾಸ್ತ್ರಿಗಳ ಸ್ನೇಹ. ‘ವಚನ ಭಾರತ’ದ ಕರ್ತೃವೆಂದು ನಾವೆಲ್ಲ ಬಲ್ಲ ಶಾಸ್ತ್ರಿಗಳು ಆಗ ಕಾಲೇಜಿನ ಕರ್ಣಾಟಕ ಸಂಘವನ್ನು ಕಟ್ಟಿ ಬೆಳೆಸುತ್ತಿದ್ದರು. 1919ರಲ್ಲಿ ಅವರು ಆರಂಭಿಸಿದ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಗೆ ವೆಂಕಣ್ಣಯ್ಯನವರು ಒತ್ತಾಸೆಯಾಗಿ ನಿಂತರು. ಇಬ್ಬರನ್ನೂ ಒಟ್ಟಿಗೆ ಕನ್ನಡದ ಅಶ್ವಿನೀದೇವತೆಗಳೆಂದು ಕರೆದವರುಂಟು. ಶ್ರೀರಾಮಕೃಷ್ಣ ಪರಮಹಂಸರಲ್ಲಿ ಇಬ್ಬರಿಗೂ ಸಮಾನವಾದ ಭಕ್ತಿ. ಪತ್ರಿಕೆಯನ್ನು ನಡೆಸುವುದು, ಸಂಘದ ಸಭೆಗಳನ್ನು ನಡೆಸುವುದು, ವಿದ್ಯಾರ್ಥಿಗಳಿಂದ ಬರೆಸುವುದು, ಬರೆದುದನ್ನು ತಿದ್ದುವುದು, ಇವು ಸಂಬಳಕ್ಕೆ ಸೇರಿದ ಕೆಲಸಗಳಲ್ಲ. ಪಾಠದ ವೇಳಾಪಟ್ಟಿಯಲ್ಲಿ ಇವಕ್ಕೆ ಜಾಗವಿರಲಿಲ್ಲ. ಸಂಘದ ಕೆಲಸವೆಂದರೇನೆಂದು ಬಲ್ಲ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಚೇರಿ ಮುಗಿಸಿ, ಲೋಕಲ್ ಗಾಡಿಯಲ್ಲಿ ನಿಂತು ಬಂದು, ರಾತ್ರಿ ಒಂಬತ್ತರ ತನಕ ಸಭೆಯ ಆಮಂತ್ರಣ ಪತ್ರಿಕೆಗಳ ವಿಳಾಸ ಬರೆದವರಿಗೆ ಅದರ ದಣಿವೂ ಗೊತ್ತು, ಸುಖವೂ ಗೊತ್ತು.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದುದು 1916ರಲ್ಲಿ. ಕನ್ನಡದ ಎಂ.ಎ. ತರಗತಿ ಆರಂಭವಾಗಲು ಮತ್ತೆ ಹನ್ನೊಂದು ವರ್ಷ ಹಿಡಿಯಿತು. 1927ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಅದು ಮೊದಲಾದಾಗ ಅದನ್ನು ನಡೆಸುವ ಹೊಣೆ ವೆಂಕಣ್ಣಯ್ಯನವರ ಮೇಲೆ ಬಿತ್ತು. ಆಗ ಅವರಿಗೆ ನಲವತ್ತೆರಡರ ಆಸುಪಾಸು. ತರಗತಿ ತೆರೆದುದೇನೋ ಸರಿ, ಸೇರುವವರು ಯಾರು? ಕನ್ನಡದಲ್ಲಿ ಎಂ.ಎ. ಮಾಡಿದವನಿಗೆ ಉದ್ಯೋಗ ಕೊಡುವವರು ಯಾರು? ಮಗನನ್ನು ಓದಿಸಲು ಹೊಲ ಅಡವಿಟ್ಟ ತಂದೆಯ ಮುಂದೆ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಮೊದಲ ತಂಡದಲ್ಲಿದ್ದವರು ಬೆರಳಲ್ಲಿ ಎಣಿಸುವಷ್ಟು ಮಂದಿ. ಅವರಲ್ಲಿ ಒಬ್ಬರು ಕುಪ್ಪಳಿಯ ವೆಂಕಟಪ್ಪನವರ ಮಗ ಪುಟ್ಟಪ್ಪ, ಇನ್ನೊಬ್ಬರು ಡಿ.ಎಲ್. ನರಸಿಂಹಾಚಾರ್.

ಪುಟ್ಟಪ್ಪನವರು ಅಂದರೆ ಕುವೆಂಪು, ಮಲೆನಾಡಿನ ಒಕ್ಕಲು ಮನೆತನದಿಂದ ಬಂದ ಹುಡುಗ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡಿದ್ದರು, ಮುಂದೆ ತಾಯಿಯನ್ನೂ. ಮೊದಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. 1922ರಲ್ಲಿ ಒಂದು ಕಿರುಸಂಕಲನವೂ ಅಚ್ಚಾಗಿತ್ತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದ ಪ್ರಸಂಗ ಪ್ರಸಿದ್ಧವಾಗಿದೆ. ಆ ಮಾತು ಬೀಜವಾಯಿತೆನ್ನೋಣ. ಆದರೆ ಬೀಜ ಬಿತ್ತಿದವರು ಮರುದಿನ ರೈಲು ಹತ್ತಿ ಹೋಗಿಬಿಡಬಹುದು. ನೀರೆರೆಯುವವರು ಊರಲ್ಲೇ ಇರಬೇಕಾಗುತ್ತದೆ. ಬಿ.ಎ.ಯಲ್ಲಿ ತತ್ತ್ವಶಾಸ್ತ್ರವನ್ನು ಓದಿದ್ದ ಈ ತರುಣ ಎಂ.ಎ.ಗೆ ಕನ್ನಡದ ಕಡೆ ತಿರುಗಿದ್ದರ ಹಿಂದೆ ವೆಂಕಣ್ಣಯ್ಯನವರ ಒತ್ತಾಯವಿತ್ತು. ಅಂದು ಅದನ್ನು ನೋಡಿದವರಿಗೆ ಗುರು ಶಿಷ್ಯನ ಭವಿಷ್ಯಕ್ಕೆ ಕಲ್ಲು ಹಾಕುತ್ತಿದ್ದಾರೆಂದೇ ತೋರಿದ್ದರೆ ತಪ್ಪಲ್ಲ. 1929ರಲ್ಲಿ ಎಂ.ಎ. ಮುಗಿಸಿದ ಕುವೆಂಪು ಅದೇ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾದರು. ಗುರುವಿನ ಪಕ್ಕದಲ್ಲೇ ಶಿಷ್ಯನ ಕುರ್ಚಿ.

ಹಾಗೆಂದು ವೆಂಕಣ್ಣಯ್ಯನವರು ಕುವೆಂಪು ಅವರನ್ನು ಕವಿಯನ್ನಾಗಿ ಮಾಡಿದರೆಂದು ನಾವು ಹೇಳುವುದಿಲ್ಲ. ಹುಟ್ಟುಕವಿಯನ್ನು ಯಾರೂ ಮಾಡಲಾರರು. ಶಿಷ್ಯರ ಪ್ರತಿಭೆಯನ್ನೆಲ್ಲ ಗುರುವಿನ ಲೆಕ್ಕಕ್ಕೆ ಬರೆಯುವ ಅಭ್ಯಾಸ ನಮ್ಮ ಅಭಿನಂದನ ಗ್ರಂಥಗಳಲ್ಲಿ ಹೆಚ್ಚು. ಅದರಿಂದ ಇಬ್ಬರಿಗೂ ಅನ್ಯಾಯವಾಗುತ್ತದೆ. ಗುರು ಮಾಡಿದ್ದು ಬೇರೆ. ಒಬ್ಬಂಟಿಯಾಗಿದ್ದ, ಮುಂಗೋಪವೂ ಸಂಕೋಚವೂ ಒಟ್ಟಿಗಿದ್ದ, ತನ್ನೊಳಗೇ ಮುಳುಗಿರುತ್ತಿದ್ದ ತರುಣನೊಬ್ಬನಿಗೆ ಆತನ ಕವಿತೆಯನ್ನು ಕಿವಿಗೊಟ್ಟು ಕೇಳುವ, ಮೆಚ್ಚಿದರೆ ಮೆಚ್ಚಿದೆನೆನ್ನುವ ಹಿರಿಯರೊಬ್ಬರು ಇದ್ದಾರೆಂಬ ಧೈರ್ಯವನ್ನು ಅವರು ಕೊಟ್ಟರು. ಕೇಳುವುದೂ ಒಂದು ಅಧ್ಯಾಪನವೇ.

ಈ ಸಂಬಂಧದಲ್ಲಿ ನಮಗೆ ಅತ್ಯಂತ ಗಮನಾರ್ಹವಾಗಿ ಕಾಣುವ ಅಂಶ ಇನ್ನೊಂದಿದೆ. ಅಂದಿನ ಮೈಸೂರು ಸಂಸ್ಥಾನದಲ್ಲಿ ವಿದ್ಯೆ ಮತ್ತು ಸರಕಾರಿ ಉದ್ಯೋಗಗಳು ಬಹುಮಟ್ಟಿಗೆ ಬ್ರಾಹ್ಮಣರ ಕೈಯಲ್ಲಿದ್ದವು. ಹಿಂದುಳಿದವರಿಗೆ ಅವಕಾಶ ಕಲ್ಪಿಸಲು ಮಹಾರಾಜರು ಮಿಲ್ಲರ್ ಸಮಿತಿಯನ್ನು 1918ರಲ್ಲಿ ನೇಮಿಸಬೇಕಾಯಿತು. ವೆಂಕಣ್ಣಯ್ಯನವರು ಬ್ರಾಹ್ಮಣರು, ಕುವೆಂಪು ಶೂದ್ರ ಕುಲದವರು. ವಿದ್ಯಾರ್ಥಿಯಾಗಿದ್ದಾಗಲೇ 1928ರಲ್ಲಿ ‘ಜಲಗಾರ’ ನಾಟಕದಲ್ಲಿ ಶಿವನನ್ನು ಬೀದಿ ಗುಡಿಸುವವನ ಬಳಿಗೆ ಕರೆತಂದ ಕವಿ ಅವರು. ಮುಂದೆ ‘ಶೂದ್ರ ತಪಸ್ವಿ’ ಬರೆದು ದೊಡ್ಡ ವಾದವನ್ನೇ ಎಬ್ಬಿಸಿದವರು. ಪುರೋಹಿತಶಾಹಿಯ ಮೇಲೆ ಅವರಷ್ಟು ಕಟುವಾಗಿ ಬರೆದ ಕನ್ನಡದ ಹಿರಿಯ ಕವಿ ಆ ಕಾಲದಲ್ಲಿ ಇನ್ನೊಬ್ಬರಿಲ್ಲ. ಆ ಲೇಖನಿಯೇ ತನ್ನ ರಾಮಾಯಣವನ್ನು ವೆಂಕಣ್ಣಯ್ಯನವರ ಅಡಿಗಳಲ್ಲಿ ಇರಿಸಿತು. ಶಿಷ್ಯನ ವಿಚಾರ ತಮಗೆ ಹಿಡಿಸಲಿ ಬಿಡಲಿ, ಆತನ ಮೇಲಿನ ಮಮತೆಯನ್ನು ಆ ಕಾರಣಕ್ಕೆ ಅಳೆದು ಕೊಡದ ಗುರುವಿಗೆ ಮಾತ್ರ ಇಂತಹ ಕಾಣಿಕೆ ಸಲ್ಲುತ್ತದೆ. ಜಾತಿಗೊಂದು ಸಂಘ, ಸಂಘಕ್ಕೊಂದು ಸಭಾಭವನ ಕಟ್ಟಿಕೊಂಡಿರುವ ಮುಂಬಯಿ ಕನ್ನಡಿಗರಾದ ನಾವು ಇದನ್ನು ಸ್ವಲ್ಪ ನಿಧಾನವಾಗಿ ಓದಿಕೊಳ್ಳಬೇಕು.

ಬೇರೆ ಶಿಷ್ಯರ ಸಾಲೂ ಉದ್ದವಾದುದೇ. ಹಳಗನ್ನಡ ಗ್ರಂಥಸಂಪಾದನೆಯಲ್ಲಿ ಪ್ರಮಾಣವೆನಿಸಿದ ಡಿ.ಎಲ್. ನರಸಿಂಹಾಚಾರ್, ‘ರತ್ನನ ಪದಗಳು’ ಬರೆದ ಜಿ.ಪಿ. ರಾಜರತ್ನಂ, ಇವರೆಲ್ಲ ಆ ವರ್ಷಗಳಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ಓದಿದವರು. ಒಬ್ಬರಂತೆ ಇನ್ನೊಬ್ಬರಿಲ್ಲ. ಒಬ್ಬರು ಮಹಾಕವಿ, ಒಬ್ಬರು ಪಾಠಾಂತರಗಳ ನಡುವೆ ಬದುಕಿದ ಪಂಡಿತರು, ಒಬ್ಬರು ಹೆಂಡಗುಡುಕನ ಬಾಯಲ್ಲಿ ಕನ್ನಡದ ಅಭಿಮಾನವನ್ನು ಹಾಡಿಸಿದವರು. ತಮ್ಮದೇ ಅಚ್ಚಿನಲ್ಲಿ ಎರಕ ಹೊಯ್ಯುವ ಗುರುವಿನ ಬಳಿ ಇಷ್ಟು ಬಗೆಯ ಶಿಷ್ಯರು ಬೆಳೆಯುವುದು ಸಾಧ್ಯವಿಲ್ಲ. ಆದರೆ ಒಂದು ಗುಣ ಮಾತ್ರ ಇವರೆಲ್ಲರಲ್ಲಿ ಸಮಾನ: ಪ್ರತಿಯೊಬ್ಬರೂ ಮುಂದೆ ಅಧ್ಯಾಪಕರಾದರು, ಶಿಷ್ಯವತ್ಸಲರೆನಿಸಿಕೊಂಡರು. ರಾಜರತ್ನಂ ತಮ್ಮ ಪುಸ್ತಕಗಳಿಗಿಂತ ವಿದ್ಯಾರ್ಥಿಗಳಿಂದ ಬರೆಸಿ ಅಚ್ಚು ಹಾಕಿಸುವುದರಲ್ಲಿ ಹೆಚ್ಚು ಸುಖ ಕಂಡವರು. ಡಿ.ಎಲ್.ಎನ್. ತಮ್ಮ ವಿದ್ವತ್ತಿನ ಬಹುಭಾಗವನ್ನು ಪುಸ್ತಕಕ್ಕಿಳಿಸದೆ ಕೇಳಿದವರಿಗೆಲ್ಲ ಹಂಚಿದರು. ಇಂಥ ಅಭ್ಯಾಸ ಪಠ್ಯಪುಸ್ತಕದಿಂದ ಬರುವುದಲ್ಲ, ನೋಡಿ ಕಲಿಯುವಂಥದು.

ಇನ್ನು ವೆಂಕಣ್ಣಯ್ಯನವರ ಬರವಣಿಗೆಯ ಮಾತು. ಎಂ.ಎ. ತರಗತಿ ಆರಂಭವಾದಾಗ ಕನ್ನಡದ ಪ್ರಾಚೀನ ಕಾವ್ಯಗಳಲ್ಲಿ ಅನೇಕವು ಒಳ್ಳೆಯ ಮುದ್ರಣವನ್ನೇ ಕಂಡಿರಲಿಲ್ಲ. ಓಲೆಗರಿಗಳಲ್ಲೋ, ತಪ್ಪು ತುಂಬಿದ ಹಳೆಯ ಅಚ್ಚಿನಲ್ಲೋ ಅವು ಉಳಿದಿದ್ದವು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರನೆಯ ಸಂಪುಟ ಹೊರಬಂದುದು 1929ರಲ್ಲಿ, ಮೊದಲ ಎಂ.ಎ. ತಂಡ ಪರೀಕ್ಷೆ ಮುಗಿಸಿದ ವರ್ಷ ಅದು. ಅಂದರೆ ಕಲಿಸಬೇಕಾದ ಅಧ್ಯಾಪಕನೇ ಪಠ್ಯವನ್ನೂ ಅಣಿಗೊಳಿಸಬೇಕಾಗಿತ್ತು. ವೆಂಕಣ್ಣಯ್ಯನವರು ಹರಿಹರನ ‘ಬಸವರಾಜದೇವರ ರಗಳೆ’ಯನ್ನು ಸಂಪಾದಿಸಿದರು. ಕೃಷ್ಣಶಾಸ್ತ್ರಿಗಳೊಡನೆ ರಾಘವಾಂಕನ ಹರಿಶ್ಚಂದ್ರ ಕಾವ್ಯದ ಸಂಗ್ರಹವನ್ನು ಸಿದ್ಧಪಡಿಸಿದರು. ರವೀಂದ್ರನಾಥ ಠಾಕೂರರ ‘ಪ್ರಾಚೀನ ಸಾಹಿತ್ಯ’ವನ್ನು ಕನ್ನಡಕ್ಕೆ ತಂದರು. ಈ ಪಟ್ಟಿಗೆ ಇನ್ನು ಕೆಲವನ್ನು ಸೇರಿಸಬಹುದು. ಆದರೂ ಅವರ ಪಾಂಡಿತ್ಯಕ್ಕೆ, ರಸಿಕತೆಗೆ ಇದು ಏನೂ ಅಲ್ಲ ಎಂದು ಅವರನ್ನು ಬಲ್ಲವರು ಹಳಹಳಿಸಿದ್ದಾರೆ. ಹರಿಹರನಂಥ ಕವಿಯನ್ನು ಕುರಿತು ಅವರು ಬರೆಯಬಹುದಾಗಿದ್ದ ಪುಸ್ತಕ ನಮ್ಮ ಕೈಗೆ ಬರಲಿಲ್ಲ.

ಈ ಹಳಹಳಿಕೆ ಅಲಕ್ಷಿಸುವಂಥದಲ್ಲ. ಬರೆಯಬಲ್ಲವನು ಬರೆಯದೆ ಹೋದರೆ ಭಾಷೆಗೆ ನಷ್ಟವೇ. ವಿದ್ಯಾರ್ಥಿಯ ಕವಿತೆ ಕೇಳುತ್ತ ಕುಳಿತ ಸಂಜೆ ಅಧ್ಯಾಪಕನ ಸ್ವಂತ ಪುಸ್ತಕದಿಂದ ಕಳೆದುಹೋದ ಸಂಜೆ. ವೆಂಕಣ್ಣಯ್ಯನವರಿಗೆ ಅದು ಗೊತ್ತಿರಲಿಲ್ಲವೆಂದು ನಾವು ತಿಳಿಯಲಾರೆವು. ಗೊತ್ತಿದ್ದೂ ಸಂಜೆಗಳನ್ನು ಅವರು ಹಾಗೆ ಕೊಟ್ಟರು. ನಮ್ಮ ಎಣಿಕೆಯಲ್ಲಿ ಅವರು ಕೊಟ್ಟದ್ದು ದೊಡ್ಡದು, ಕಳೆದುಕೊಂಡದ್ದೂ ಸಣ್ಣದಲ್ಲ.

ಮುಂಬಯಿಗೂ ಮೈಸೂರಿನ ಆ ಕಾಲೇಜಿಗೂ ಆ ದಿನಗಳಲ್ಲೇ ಒಂದು ಕೊಂಡಿ ಇತ್ತೆಂಬುದನ್ನು ನಮ್ಮ ಹಿರಿಯರು ನೆನೆಯುವುದುಂಟು. 1935ರಲ್ಲಿ ನಮ್ಮ ನಗರದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರು ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಎನ್.ಎಸ್. ಸುಬ್ಬರಾಯರು. ಅರ್ಥಶಾಸ್ತ್ರದ ವಿದ್ವಾಂಸರಾದ ಅವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಆದರು.

1936ರಲ್ಲಿ ಕುವೆಂಪು ರಾಮಾಯಣವನ್ನು ಬರೆಯತೊಡಗಿದರು. ಅದರ ಮರುವರ್ಷ, ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ಅವರಿಗೆ ಆಸರೆಯಾಗಿದ್ದ ಸ್ವಾಮಿ ಸಿದ್ಧೇಶ್ವರಾನಂದರು ಫ್ರಾನ್ಸ್ ದೇಶಕ್ಕೆ ತೆರಳಿದರು. 1939ರ ಫೆಬ್ರವರಿ 24ರಂದು ವೆಂಕಣ್ಣಯ್ಯನವರು ತೀರಿಕೊಂಡರು. ಅವರಿಗೆ ಆಗ ಐವತ್ತಮೂರು ವರ್ಷ. ಕಾವ್ಯ ಇನ್ನೂ ನಡುದಾರಿಯಲ್ಲಿತ್ತು; ಮುಗಿಯಲು ಮತ್ತೂ ಕೆಲವು ವರ್ಷಗಳು ಬೇಕಾದುವು. ಮುಗಿದುದನ್ನು ಮೊದಲು ಯಾರಿಗೆ ಕೇಳಿಸಬೇಕೆಂದು ಕವಿ ಅಂದುಕೊಂಡಿದ್ದರೋ ಅವರು ಇರಲಿಲ್ಲ.

ಆ ಅರ್ಪಣೆಯ ಕವಿತೆಯನ್ನು ಹಾಗಾಗಿ ಈ ಹಿನ್ನೆಲೆಯಲ್ಲಿ ಓದಬೇಕು. ಅದರ ರೀತಿ ಸತ್ತವರಿಗೆ ಬರೆದ ಚರಮಗೀತೆಯದಲ್ಲ. ಗುರುಗಳು ಎದುರಿಗೇ ಇದ್ದಾರೆಂಬಂತೆ, ಒಪ್ಪಿಸಿದ ಕೆಲಸವನ್ನು ಮುಗಿಸಿಕೊಂಡು ಬಂದ ಶಿಷ್ಯನು ಕೇಳಬೇಕೆಂದು ಬೇಡಿಕೊಳ್ಳುವ ದನಿ ಅಲ್ಲಿದೆ. ನಲವತ್ತು ದಾಟಿದ, ನಾಡಿನಾದ್ಯಂತ ಹೆಸರಾಗಿದ್ದ ಕವಿ ಆ ಕೆಲವು ಸಾಲುಗಳಲ್ಲಿ ಮತ್ತೆ ವಿದ್ಯಾರ್ಥಿಯಾಗುತ್ತಾರೆ. ಈ ಕಾವ್ಯಕ್ಕೆ 1955ರ ಸಾಲಿನ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1967ರ ಸಾಲಿನ ಜ್ಞಾನಪೀಠ ಕನ್ನಡಕ್ಕೆ ಮೊದಲ ಬಾರಿಗೆ ದೊರೆತದ್ದೂ ಇದರಿಂದಲೇ. ಹೀಗಾಗಿ ಭಾರತದ ಯಾವ ಮೂಲೆಯಲ್ಲಿ ಈ ಗ್ರಂಥ ತೆರೆದರೂ ತಳುಕಿನ ಅಧ್ಯಾಪಕರ ಹೆಸರು ಮೊದಲು ಎದುರಾಗುತ್ತದೆ.

ಕುವೆಂಪು 1956ರಿಂದ 1960ರ ತನಕ ಉಪಕುಲಪತಿಗಳಾಗಿದ್ದರು. ಮಾನಸಗಂಗೋತ್ರಿ ಅವರ ಕನಸು, ಆ ಹೆಸರೂ ಅವರದೇ. ಅದೇ ವಿಶ್ವವಿದ್ಯಾನಿಲಯ 1968ರಲ್ಲಿ ಮಂಗಳೂರಿನಲ್ಲಿ ಒಂದು ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ಕೊಣಾಜೆಯ ಗುಡ್ಡದ ಮೇಲಿನ ಮಂಗಳಗಂಗೋತ್ರಿ ಅದು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಅಲ್ಲಿನ ಕನ್ನಡ ವಿಭಾಗವನ್ನು ಕಟ್ಟಲು ಬಂದ ಪ್ರೊ. ಎಸ್.ವಿ. ಪರಮೇಶ್ವರ ಭಟ್ಟರು ತೀರ್ಥಹಳ್ಳಿಯ ಕಡೆಯವರು, 1914ರಲ್ಲಿ ಹುಟ್ಟಿದವರು, ಮೂವತ್ತರ ದಶಕದಲ್ಲಿ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಓದಿದವರು. ವೆಂಕಣ್ಣಯ್ಯನವರ ಕೊನೆಯ ಕೆಲವು ತಂಡಗಳ ವಿದ್ಯಾರ್ಥಿ ಎನ್ನಬಹುದು. ಕಾಳಿದಾಸನನ್ನೂ ಭಾಸನನ್ನೂ ಕನ್ನಡಕ್ಕೆ ತಂದ ಈ ಪಂಡಿತರು ಕರಾವಳಿಯ ಊರೂರಿಗೆ ಹೋಗಿ ಭಾಷಣ ಮಾಡಿದರು, ಶಾಲಾ ಅಧ್ಯಾಪಕರನ್ನೂ ಯಕ್ಷಗಾನದ ಅರ್ಥಧಾರಿಗಳನ್ನೂ ಮಾತಿಗೆ ಕೂರಿಸಿಕೊಂಡರು. ಎಸ್ವೀಪಿ ಎಂದರೆ ದಕ್ಷಿಣ ಕನ್ನಡದ ಒಂದು ತಲೆಮಾರಿನ ಕನ್ನಡ ಮೇಷ್ಟ್ರುಗಳ ಕಣ್ಣು ಇಂದಿಗೂ ಅರಳುತ್ತದೆ. ಅವರ ಬಳಿ ಓದಿದವರು, ಅವರ ಶಿಷ್ಯರ ಬಳಿ ಓದಿದವರು ನಮ್ಮ ನಗರದಲ್ಲೂ ಇದ್ದಾರೆ. ಬ್ಯಾಂಕಿನ ಕೆಲಸಕ್ಕೋ ಹೋಟೆಲು ವ್ಯವಹಾರಕ್ಕೋ ಬಂದು ನೆಲೆಸಿ, ವಾರಾಂತ್ಯದಲ್ಲಿ ತಾಳಮದ್ದಳೆಗೂ ಸಾಹಿತ್ಯ ಗೋಷ್ಠಿಗೂ ತಪ್ಪದೆ ಬರುವ ಎಷ್ಟೋ ಮಂದಿಯಲ್ಲಿ ಆ ಸಂಸ್ಕಾರದ ಎಳೆ ಇದೆ, ಮೂಲ ಯಾವುದೆಂದು ಅವರಿಗೆ ತಿಳಿಯದಿರಬಹುದು ಅಷ್ಟೆ.

ವೆಂಕಣ್ಣಯ್ಯನವರ ಹೆಸರು ಉಳಿದುದು ಅವರ ಶಿಷ್ಯ ಮಹಾಕವಿಯಾದುದರಿಂದ. ಎಲ್ಲ ಗುರುಗಳಿಗೂ ಆ ಅದೃಷ್ಟವಿಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳನ್ನೇ ನೆನೆಯೋಣ. ಊರಿನಿಂದ ಹತ್ತು ಹನ್ನೆರಡು ವಯಸ್ಸಿಗೇ ಬಂದು, ಹಗಲಿಡೀ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿ ಏಳಕ್ಕೆ ಸ್ಲೇಟು ಹಿಡಿದು ಕುಳಿತ ಹುಡುಗರಿಗೆ ಕಲಿಸಿದವರು ತಾವೂ ಹಗಲು ಯಾವುದೋ ಕಚೇರಿಯಲ್ಲಿ ಗುಮಾಸ್ತರು. ಮೊಗವೀರ ಸಮಾಜ, ಬಿಲ್ಲವ ಸಮಾಜ ಮುಂತಾದವರು ನಡೆಸಿದ ಆ ಶಾಲೆಗಳಲ್ಲಿ ಮೆಟ್ರಿಕ್ ಮುಗಿಸಿ ಮುಂದೆ ವಕೀಲರಾದವರು, ಉದ್ಯಮಿಗಳಾದವರು, ಲೇಖಕರಾದವರು ನಮ್ಮ ನಡುವೆ ಇದ್ದರು, ಕೆಲವರು ಈಗಲೂ ಇದ್ದಾರ. ತೂಕಡಿಸುವ ಹುಡುಗನನ್ನು ಬಯ್ಯದೆ, ಮುಖ ತೊಳೆದು ಬಾ ಎಂದು ಕಳುಹಿಸಿದ ಮೇಷ್ಟ್ರನ್ನು ನಮ್ಮಲ್ಲಿ ಕೆಲವರು ಕಣ್ಣಾರೆ ಕಂಡಿದ್ದೇವೆ. ಶಾಲೆಗಳಲ್ಲಿ ಹಲವು ಮುಚ್ಚಿಹೋಗಿವೆ. ಹಾಜರಿ ಪುಸ್ತಕಗಳೂ ಎಲ್ಲೆಲ್ಲಿಯೋ ಸೇರಿವೆ.

ಆ ಮೇಷ್ಟ್ರುಗಳ ಬಳಿ ಕಲಿತ ಹಿರಿಯರಿಗೆ ಈಗ ಎಂಬತ್ತರ ಮೇಲೆ ವಯಸ್ಸು. ಮೊಮ್ಮಕ್ಕಳು ರಜೆಯಲ್ಲಿ ಮನೆಗೆ ಬಂದಾಗ ಅವರ ಎದುರು ಕುಳಿತು, ಯಾವ ಶಾಲೆ, ಯಾವ ವರ್ಷ, ಕಲಿಸಿದವರು ಯಾರು, ಅವರ ಊರು ಯಾವುದು ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದಿಟ್ಟರೆ ಸಾಕು. ಕನ್ನಡದಲ್ಲಿ ಬರೆಯಲು ಬಾರದಿದ್ದರೆ ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಬರೆಯಲಿ. ಕನ್ನಡಕ್ಕೆ ಇಳಿಸುವ ಕೆಲಸವನ್ನು ನಾವು ಮಾಡುತ್ತೇವೆ.